ಮರೆ ಫೇರ್‌ವೇ

ಗಾಲ್ಫ್ ಆಟದಲ್ಲಿ ಪ್ರತಿ ಹೋಲ್‌ನ ಮೊದಲ ಹೊಡೆತ ಟೀ ಎಂಬ ಸಮತಟ್ಟು ಜಾಗದಿಂದ ಹೊರಡುತ್ತದೆ. ಅಲ್ಲಿಂದ ಹಾರಿದ ಚೆಂಡು ಬಂದು ಬೀಳಬೇಕಾದ, ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿಟ್ಟ ಪಟ್ಟಿಯೇ ಫೇರ್‌ವೇ. ದಿಣ್ಣೆಯೋ ಮರವೋ ತಿರುವೋ ಕಟ್ಟಡವೋ ಮಂಜೋ ಅಡ್ಡ ಬಂದು, ಟೀ ಮೇಲೆ ನಿಂತವರ ಕಣ್ಣಿಗೆ ಈ ಪಟ್ಟಿ ಪೂರ್ತಿಯಾಗಿ ಅಥವಾ ಅರ್ಧಂಬರ್ಧವಾಗಿ ಕಾಣದೆ ಹೋದರೆ ಅದು ಮರೆ ಫೇರ್‌ವೇ. ಆಡುವವರು ‘ಬ್ಲೈಂಡ್’ ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸುತ್ತಾರೆ. ನಿಯಮ ಪುಸ್ತಕದಲ್ಲಿ ಇದಕ್ಕೆಂದು ಪ್ರತ್ಯೇಕ ಅಧ್ಯಾಯವಿಲ್ಲ. ಕೋರ್ಸ್ ರೂಪಿಸುವವರ ನಡುವೆ ಮಾತ್ರ ಇಂಥ ಹೋಲ್ ಇರಬೇಕೇ ಬೇಡವೇ ಎಂಬ ವಾದ ನೂರು ವರ್ಷಕ್ಕೂ ಮಿಕ್ಕಿ ನಡೆದಿದೆ. ಗುಡ್ಡ, ಕಣಿವೆ, ಕಾಡು, ಮಳೆ ನಾಲ್ಕೂ ಒಟ್ಟಿಗೆ ಇರುವ ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಅಂದರೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಸೀಮೆಯಲ್ಲಿ ಮತ್ತು ಕೊಡಗಿನಲ್ಲಿ, ಈ ವಾದಕ್ಕೆ ನೆಲವೇ ಒಂದು ಉತ್ತರ ಕೊಟ್ಟುಬಿಡುತ್ತದೆ.

ಅನುಮಾನದ ಲೆಕ್ಕ

ಟೀ ಮೇಲೆ ನಿಂತವರಿಗೆ ಮೂರು ಸಂಗತಿ ತಿಳಿಯಬೇಕು: ಯಾವ ಕಡೆಗೆ ಹೊಡೆಯಬೇಕು, ಎಷ್ಟು ದೂರ ಹೊಡೆಯಬೇಕು, ಹೊಡೆದ ಮೇಲೆ ಚೆಂಡು ಏನಾಯಿತು. ಎದುರಿಗೆ ಎಲ್ಲ ಕಾಣುವ ಹೋಲ್‌ನಲ್ಲಿ ಮೂರಕ್ಕೂ ಕಣ್ಣೇ ಉತ್ತರ ಹೇಳುತ್ತದೆ. ಮರೆ ಇದ್ದರೆ ಮೂರೂ ಬೇರೆಬೇರೆಯಾಗಿ ಕಾಡುತ್ತವೆ.

ದಿಕ್ಕಿನ ಕಷ್ಟ ಎಷ್ಟೆಂದು ಸಾಮಾನ್ಯ ತ್ರಿಕೋನಮಿತಿಯಿಂದಲೇ ಗೊತ್ತಾಗುತ್ತದೆ. ಚೆಂಡು ಬೀಳುವ ಜಾಗ ಟೀಯಿಂದ 200 ಮೀಟರ್ ದೂರವಿದೆ, ಅಲ್ಲಿ ಫೇರ್‌ವೇ 30 ಮೀಟರ್ ಅಗಲವಿದೆ ಎಂದುಕೊಳ್ಳೋಣ. ನಟ್ಟನಡುವೆ ಗುರಿ ಇಟ್ಟವರಿಗೆ ಎಡಕ್ಕೆ 15, ಬಲಕ್ಕೆ 15 ಮೀಟರ್ ಸಡಿಲು ಸಿಗುತ್ತದೆ. ಕೋನದಲ್ಲಿ ಅದು ಸುಮಾರು 4 ಡಿಗ್ರಿ ಅಷ್ಟೇ. ಗುರಿ ಕಾಣದೆ ನಿಂತ ನಿಲುವೇ 5 ಡಿಗ್ರಿ ತಪ್ಪಿದ್ದರೆ, ಹೊಡೆತದಲ್ಲಿ ಒಂದಿಷ್ಟೂ ದೋಷವಿಲ್ಲದಿದ್ದರೂ ಚೆಂಡು ನಡುವಿನಿಂದ ಹದಿನೇಳೂವರೆ ಮೀಟರ್ ಆಚೆ, ಉದ್ದ ಹುಲ್ಲಿನ ರಫ್‌ನಲ್ಲಿ ಬೀಳುತ್ತದೆ. ಚೆನ್ನಾಗಿ ಹೊಡೆದದ್ದಕ್ಕೇ ಶಿಕ್ಷೆಯಾಯಿತು ಎಂದು ಮರೆ ಹೋಲ್‌ಗಳನ್ನು ಬೈಯುವವರು ಹೇಳುವುದರ ಹಿಂದೆ ಈ ಲೆಕ್ಕವಿದೆ. ಅವರ ದೂರು ಪೂರ್ತಿ ಸುಳ್ಳಲ್ಲ.

ದೂರದ ಕಷ್ಟ ಇನ್ನೊಂದು ಬಗೆಯದು. ಏರಿನ ನೆತ್ತಿಯ ಆಚೆ ನೆಲ ಸಪಾಟಾಗಿದೆಯೋ, ಕೆಳಗೆ ಜಾರುತ್ತದೆಯೋ ಗೊತ್ತಿಲ್ಲದವರು ಯಾವ ಕ್ಲಬ್ (ಹೊಡೆಯುವ ಕೋಲು) ತೆಗೆಯಬೇಕೆಂದು ತಡವರಿಸುತ್ತಾರೆ. ದೂರದ ಹೊಡೆತದ ಕ್ಲಬ್ಬಾದ ಡ್ರೈವರ್‌ನಿಂದ ಹೊಡೆದ ಚೆಂಡು ಇಳಿಜಾರಿನಲ್ಲಿ ಉರುಳಿ ಫೇರ್‌ವೇಯನ್ನೇ ದಾಟಿ ತಗ್ಗಿಗೆ ಹೋಗಬಹುದು. ಹೆದರಿ ಚಿಕ್ಕ ಕ್ಲಬ್ ಹಿಡಿದರೆ ಚೆಂಡು ಏರಿನ ಎದೆಗೇ ಬಡಿದು ನಿಂತು, ಎರಡನೆಯ ಹೊಡೆತವೂ ಕುರುಡಾಗಬಹುದು.

ಮೂರನೆಯದು ಫಲಿತಾಂಶ ಕಾಣದಿರುವುದು. ಇದರ ಬಗ್ಗೆ ಮಾತು ಕಡಿಮೆ, ಆಟ ಕೆಡುವುದು ಬಹಳ ಸಲ ಇದರಿಂದಲೇ. ಚೆಂಡು ದಿಣ್ಣೆಯ ಆಚೆ ಮಾಯವಾಗುವುದರೊಳಗೆ ಅದನ್ನು ನೋಡಿಬಿಡಬೇಕೆಂಬ ಆತುರಕ್ಕೆ ಆಟಗಾರರು ಕ್ಲಬ್ ಚೆಂಡಿಗೆ ತಾಗುವ ಮೊದಲೇ ತಲೆ ಎತ್ತುತ್ತಾರೆ. ಇನ್ನು ಕೆಲವರು ಅಪಾಯವಿರುವ ಬದಿಯಿಂದ ದೂರ ಸರಿಸಬೇಕೆಂದು ಹೊಡೆತದ ನಡುವೆಯೇ ಕೈ ತಿರುಗಿಸುತ್ತಾರೆ. ಮನಸ್ಸು ಎರಡಾದ ಹೊಡೆತ, ಗುರಿ ತಪ್ಪಿದ ಹೊಡೆತಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ಗುರಿ ತಪ್ಪಿದ ಚೆಂಡು ರಫ್‌ನಲ್ಲಿ ಸಿಗುತ್ತದೆ, ಮನಸ್ಸು ಎರಡಾಗಿ ಹೊಡೆದದ್ದು ಎಲ್ಲಿ ಹೋಯಿತೆಂದು ಹೊಡೆದವರಿಗೇ ತಿಳಿಯುವುದಿಲ್ಲ.

ಇದಕ್ಕೆ ಬಹಳ ಮಂದಿ ಅನುಸರಿಸುವ ಉಪಾಯವೆಂದರೆ ದೂರದ ಗುರಿಯನ್ನು ಹತ್ತಿರಕ್ಕೆ ತಂದುಕೊಳ್ಳುವುದು. ಅಮೆರಿಕದ ಆಟಗಾರ ಜಾಕ್ ನಿಕ್ಲಾಸ್ ಪ್ರತಿ ಹೊಡೆತಕ್ಕೂ ಚೆಂಡಿನ ಹಿಂದೆ ನಿಂತು, ಗುರಿಯ ನೇರಕ್ಕೆ ಚೆಂಡಿನಿಂದ ಕೆಲವೇ ಅಡಿ ಮುಂದಿರುವ ಒಂದು ಎಲೆಯನ್ನೋ ಕಲೆಯನ್ನೋ ಗುರುತಿಟ್ಟುಕೊಂಡು ಅದರ ಮೇಲೆ ಹೊಡೆಯುತ್ತಿದ್ದರು. ಬಯಲು ಕೋರ್ಸ್‌ನಲ್ಲಿ ಇದೊಂದು ಒಳ್ಳೆಯ ಅಭ್ಯಾಸ. ಮರೆ ಹೋಲ್‌ನಲ್ಲಿ ಇದಿಲ್ಲದೆ ನಡೆಯದು. ಆದರೆ ಆ ಎಲೆಯನ್ನು ಯಾವ ನೇರಕ್ಕೆ ಆರಿಸಬೇಕೆಂದು ಮೊದಲು ಯಾರಾದರೂ ಹೇಳಬೇಕು. ಮರೆ ಫೇರ್‌ವೇಯ ಕಥೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ ‘ಯಾರಾದರೂ’ ಎಂಬಲ್ಲಿಯೇ.

ಸಮುದ್ರದಂಚಿನ ಹಳೆಯ ಮಾದರಿಗಳು

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯ ಮರಳು ದಿಬ್ಬಗಳ ನಡುವೆ. ದಿಬ್ಬ ಅಗೆದು ತೆಗೆಯುವ ಯಂತ್ರಗಳಿಲ್ಲದ ಕಾಲದಲ್ಲಿ ಅದರ ಮೇಲಿಂದ ಹೊಡೆಯುವುದೊಂದೇ ದಾರಿ. 1851ರಲ್ಲಿ ಆರಂಭವಾದ, 1860ರಲ್ಲಿ ಮೊಟ್ಟಮೊದಲ ಓಪನ್ ಪಂದ್ಯಾವಳಿ ನಡೆದ ಪ್ರೆಸ್ಟ್‌ವಿಕ್ ಕೋರ್ಸ್‌ನಲ್ಲಿ ಇಂದಿಗೂ ‘ಹಿಮಾಲಯಾಸ್’ ಮತ್ತು ‘ಆಲ್ಪ್ಸ್’ ಎಂಬ ಹೆಸರಿನ ಎರಡು ಕುರುಡು ಹೋಲ್‌ಗಳಿವೆ. ಹಿಮಾಲಯ ನೋಡಿದವರಿಗೆ ಆ ದಿಬ್ಬ ನಗು ತರಿಸಬಹುದು. ಚೆಂಡಿಗೆ ಅಷ್ಟು ಎತ್ತರ ಸಾಕು.

ಟೀ ಮೇಲಿನ ಅನುಮಾನಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನ 17ನೇ ಹೋಲ್. ಅಲ್ಲಿ ಒಂದು ಕಾಲಕ್ಕೆ ರೈಲ್ವೆಯ ಶೆಡ್‌ಗಳಿದ್ದವು. ರೈಲು ಮಾರ್ಗ 1969ರಲ್ಲಿ ಮುಚ್ಚಿದ ಮೇಲೂ ಅದೇ ಆಕಾರದ ಗೋಡೆಯನ್ನು ಉಳಿಸಿಕೊಂಡರು. ಆಟಗಾರರು ಆ ಗೋಡೆಯ ಮೇಲೆ ಬರೆದಿರುವ ಹೋಟೆಲ್ ಹೆಸರಿನ ಯಾವುದಾದರೊಂದು ಅಕ್ಷರವನ್ನು ಗುರಿಯಾಗಿ ಆರಿಸಿಕೊಂಡು, ಆಚೆಯ ಕಾಣದ ಫೇರ್‌ವೇಗೆ ಚೆಂಡು ಕಳಿಸುತ್ತಾರೆ. ಧೈರ್ಯವಿದ್ದಷ್ಟೂ ಬಲಗಡೆಯ ಅಕ್ಷರ. ಮರೆಯೇ ಇಲ್ಲಿ ಆಟದ ತಿರುಳಾಗಿದೆ, ಏಕೆಂದರೆ ಅಪಾಯ ಎಷ್ಟೆಂದು ಗೋಡೆಯೇ ಅಳೆದು ತೋರಿಸುತ್ತದೆ.

ಐರ್ಲೆಂಡಿನ ಲಾಹಿಂಚ್‌ನಲ್ಲಿ ‘ಡೆಲ್’ ಎಂಬ ಹೋಲ್‌ನ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ದಿಬ್ಬಗಳ ನಡುವೆ ಪೂರ್ತಿ ಅಡಗಿದೆ. ಆ ದಿನ ಕುಳಿ ಎಲ್ಲಿದೆಯೋ ಅದರ ನೇರಕ್ಕೆ ದಿಬ್ಬದ ಮೇಲೆ ಒಂದು ಬಿಳಿ ಕಲ್ಲು ಇಡುತ್ತಾರೆ. ಅದೇ ಕೋರ್ಸ್‌ನ ‘ಕ್ಲೋಂಡೈಕ್’ ದಿಬ್ಬದ ಮೇಲೆ ಬಾವುಟ ಹಿಡಿದ ಒಬ್ಬರು ನಿಂತು, ಆಚೆ ಜನವಿಲ್ಲ, ಹೊಡೆಯಿರಿ ಎಂದು ಸನ್ನೆ ಮಾಡುತ್ತಾರೆ. ಸ್ಕಾಟ್ಲೆಂಡಿನ ಈಲೈ ಊರಿನವರದು ಇನ್ನೂ ಸೊಗಸಾದ ಪರಿಹಾರ. ಅಲ್ಲಿ ಮೊದಲ ಟೀ ಎದುರಿಗೇ ಏರು ಇರುವುದರಿಂದ, ‘ಎಕ್ಸ್‌ಕ್ಯಾಲಿಬರ್’ ಎಂಬ ಜಲಾಂತರ್ಗಾಮಿಯಿಂದ ತೆಗೆದ ಪೆರಿಸ್ಕೋಪನ್ನು 1966ರಲ್ಲಿ ಆಟ ಶುರುಮಾಡಿಸುವವರ ಕೊಠಡಿಗೆ ಜೋಡಿಸಿದರು. ಮುಂದಿನ ತಂಡ ಹೊಡೆತದ ಅಳತೆ ದಾಟಿತೇ ಎಂದು ಅದರಲ್ಲಿ ಇಣುಕಿ ನೋಡಿಯೇ ಅಪ್ಪಣೆ ಕೊಡುವುದು. ಇಷ್ಟೆಲ್ಲ ಅನುಕೂಲವಿಲ್ಲದ ಕಡೆ ಒಂದು ಗಂಟೆ ತೂಗುಹಾಕಿರುತ್ತಾರೆ. ಘಾಟಿಯ ತಿರುವಿನಲ್ಲಿ ಬಸ್ಸಿನವರು ಹಾರನ್ ಹೊಡೆಯುವ ಹಾಗೆ, ಆಡಿ ಮುಗಿಸಿ ಮುಂದೆ ಸರಿದವರು ಅದನ್ನು ಬಾರಿಸಿ ಹಿಂದಿನವರಿಗೆ ದಾರಿ ಬಿಡುತ್ತಾರೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಭಿರುಚಿ ಬದಲಾಯಿತು. ಹೊಡೆಯುವ ಮುನ್ನ ಆಟಗಾರರಿಗೆ ಆಯ್ಕೆಗಳು ಕಾಣಬೇಕು, ಕುರುಡು ಹೊಡೆತ ಅದೃಷ್ಟದಾಟ ಎಂಬ ಮಾತು ಬಲವಾಯಿತು. ಈ ಪಂಥದ ಮುಖ್ಯರಲ್ಲಿ ಒಬ್ಬರಾದ ಅಲಿಸ್ಟರ್ ಮೆಕೆಂಜಿ ವೃತ್ತಿಯಿಂದ ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೇನೆಯ ಜೊತೆಗಿದ್ದು, ಎದುರಾಳಿಗಳು ನೆಲದ ಉಬ್ಬುತಗ್ಗುಗಳಲ್ಲಿ ಅಡಗುವ ಕಲೆಯನ್ನು ಕಂಡವರು. ಮೊದಲ ಮಹಾಯುದ್ಧದ ಹೊತ್ತಿಗೆ ಮರೆಮಾಚುವ ವಿದ್ಯೆಯ ಪರಿಣತರೇ ಆಗಿದ್ದರು. 1920ರಲ್ಲಿ ಅವರು ಪ್ರಕಟಿಸಿದ ಕೋರ್ಸ್ ರಚನೆಯ ಪುಸ್ತಕದಲ್ಲಿ ಗ್ರೀನ್ ಕಡೆಗಿನ ಹೊಡೆತಗಳಲ್ಲಿ ಕುರುಡುತನ ಆದಷ್ಟು ಕಡಿಮೆ ಇರಬೇಕೆಂಬುದು ಒಂದು ಸೂತ್ರ. ಅಡಗಿಸುವುದನ್ನು ಅಷ್ಟು ಬಲ್ಲವರು ಅಡಗಿಸಬೇಡಿ ಎಂದದ್ದನ್ನು ಗಮನಿಸಬೇಕು. ಅವರೂ ಆಟಗಾರ ಬಾಬಿ ಜೋನ್ಸ್‌ರೂ ಕೂಡಿ ರೂಪಿಸಿದ ಅಮೆರಿಕದ ಅಗಸ್ಟಾ ನ್ಯಾಷನಲ್ ಕೋರ್ಸ್ 1933ರಲ್ಲಿ ತೆರೆಯಿತು. ಅಲ್ಲಿನ 18ನೇ ಟೀಯಿಂದ ಈಗ ಕಾಣುವುದು ಎರಡು ಮರಸಾಲುಗಳ ನಡುವಿನ ಓಣಿ. ದಿಬ್ಬ ಇಲ್ಲದಿದ್ದರೇನು, ಮರ ಬೆಳೆದೂ ಮರೆಯಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಮಣ್ಣು ಸರಿಸುವ ಭಾರಿ ಯಂತ್ರಗಳು ಬಂದು, ಹೊಸ ಕೋರ್ಸ್‌ಗಳಲ್ಲಿ ಮರೆ ಫೇರ್‌ವೇ ಅಪರೂಪವಾಯಿತು. ಒಮ್ಮೆ ಆಡಿದವರಿಗೆ ಯಾವ ಹೋಲೂ ಕುರುಡಲ್ಲ ಎಂದು ಹಳೆಯ ಕೋರ್ಸ್‌ಗಳ ಅಭಿಮಾನಿಗಳು ಸಮರ್ಥಿಸುತ್ತಾರೆ. ದಿಕ್ಕಿನ ಮಟ್ಟಿಗೆ ಇದು ನಿಜ. ಮೇಲೆ ಹೇಳಿದ ಮೂರನೆಯ ಕಷ್ಟಕ್ಕೆ, ಅಂದರೆ ಚೆಂಡು ಏನಾಯಿತೆಂಬ ಪ್ರಶ್ನೆಗೆ, ನೂರು ಸಲ ಆಡಿದರೂ ಈ ಮಾತು ಉತ್ತರವಾಗುವುದಿಲ್ಲ.

ಕರ್ನಾಟಕದಲ್ಲಿ

ರಾಜ್ಯದ ಗಾಲ್ಫ್ ಇತಿಹಾಸ ಮೊದಲಾಗುವುದು 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ. ಸುತ್ತ ನಗರದ ರಸ್ತೆಗಳು, ಒಳಗೆ ಹಳೆಯ ಮರಗಳು. ಇಲ್ಲಿ ಕಣ್ಣಿಗೆ ಅಡ್ಡ ಬರುವುದು ಹೆಚ್ಚಾಗಿ ಮರವೇ. ಚಾಮುಂಡಿ ಬೆಟ್ಟದ ಬುಡದಲ್ಲಿರುವ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ರೇಸ್ ಕೋರ್ಸ್‌ನ ಬಯಲಿನಲ್ಲಿದೆ. ದೊಮ್ಮಲೂರಿನ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್‌ನಲ್ಲಿ 2012ರ ಇಂಡಿಯನ್ ಓಪನ್ ನಡೆಯಿತು. ಇವೆಲ್ಲ ಪ್ರಸ್ಥಭೂಮಿಯ ಕೋರ್ಸ್‌ಗಳು, ಇಲ್ಲಿ ನೆಲ ಎದ್ದು ಎದುರು ನಿಲ್ಲುವುದು ಕಡಿಮೆ.

ಘಟ್ಟದ ಕಡೆಗೆ ಹೋದರೆ ಸಂಗತಿ ಬೇರೆ. ಕಾಫಿ ಪ್ಲಾಂಟರುಗಳ ಜೊತೆ ಬಂದ ಆಟ ಇದು. ಕೊಡಗಿನಲ್ಲಿ ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕರಾ ಡೌನ್ಸ್, ಪಾಲಿಬೆಟ್ಟದ ಒಂಬತ್ತು ಹೋಲ್‌ಗಳ ಕೋರ್ಸ್, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಕೇಂದ್ರದ ಗಾಲ್ಫ್ ಕ್ಲಬ್ ಹೆಸರಿಸಬೇಕಾದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಗಾಲ್ಫ್ ಊರಾಟವಲ್ಲ. ಕ್ರಿಕೆಟ್‌ಗೆ, ವಾಲಿಬಾಲ್‌ಗೆ ಸಾಕಾಗುವಷ್ಟು ಸಪಾಟು ಜಾಗ ಹುಡುಕುವುದೇ ಅಲ್ಲಿ ಒಂದು ಕೆಲಸ. ಆದರೂ ಮರೆ ಹೇಗೆ ಹುಟ್ಟುತ್ತದೆಂದು ಅರ್ಥವಾಗಬೇಕಾದರೆ ಈ ಮೂರು ತಾಲ್ಲೂಕುಗಳ ನೆಲವನ್ನು ನೋಡುವುದು ಒಳ್ಳೆಯದು.

ಇಲ್ಲಿನ ನೆಲದ ಕಟ್ಟು ಹೀಗಿದೆ: ತಗ್ಗಿನಲ್ಲಿ ಗದ್ದೆ ಬಯಲು, ಅದರ ಅಂಚಿಗೆ ಹಳ್ಳದ ಗುಂಟ ಅಡಿಕೆ ತೋಟ, ಮೇಲೆ ಕಾಫಿ, ಅದರ ಮೇಲೆ ಸೊಪ್ಪಿನ ಬೆಟ್ಟ, ನೆತ್ತಿಯ ಮೇಲೆ ಕಾಡು ಅಥವಾ ಹುಲ್ಲಿನ ಬೇಣ. ಇನ್ನೊಂದು ಮಗ್ಗುಲಿಗೆ ಇಳಿದರೆ ಇದೇ ಸಾಲು ತಲೆಕೆಳಗಾಗಿ ಮತ್ತೆ ಬರುತ್ತದೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಬಹಳ ಕಡೆ ಕೆಲವು ನೂರು ಮೀಟರ್ ಅಷ್ಟೇ. ಹದಿನೆಂಟು ಹೋಲ್‌ಗಳ ಕೋರ್ಸ್‌ಗೆ ಸಾಮಾನ್ಯವಾಗಿ 50ರಿಂದ 75 ಹೆಕ್ಟೇರ್ ಬೇಕು, ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದ ಒಂದು ಪಾರ್-4 ಹೋಲ್ 350 ಮೀಟರ್ ಚಾಚಿಕೊಳ್ಳುತ್ತದೆ. ಈ ಅಳತೆಯನ್ನು ಇಂಥ ನೆಲದ ಮೇಲೆ ಹಾಸಿದರೆ ಫೇರ್‌ವೇ ಏರಿನ ಗುಂಟ ಸಾಗಬೇಕು, ಇಲ್ಲವೇ ಅದನ್ನು ದಾಟಬೇಕು. ದಾಟುವಲ್ಲೆಲ್ಲ ಮರೆ ಹುಟ್ಟುತ್ತದೆ. ಗುಂಟ ಸಾಗಿದರೆ ಗುಡ್ಡದ ಹೊಟ್ಟೆ ತಿರುಗಿದಂತೆ ಫೇರ್‌ವೇಯೂ ತಿರುಗುತ್ತದೆ. ಗಾಲ್ಫ್‌ನವರು ಡಾಗ್‌ಲೆಗ್ ಎನ್ನುವ ಈ ತಿರುವಿನಲ್ಲಿ ಚೆಂಡು ಬೀಳುವ ಜಾಗದ ಅರ್ಧ ದರೆಯ ಹಿಂದೆ ಹೋಗಿರುತ್ತದೆ.

ದರೆ ಕಡಿದು ನೆಲ ಮಟ್ಟ ಮಾಡಬಹುದಲ್ಲ ಎನ್ನುವವರಿಗೆ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಭೂಕುಸಿತಗಳನ್ನು ನೆನಪಿಸಬೇಕು. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಪೂರ್ವಕ್ಕೆ, ಭದ್ರಾ ಹಿನ್ನೀರಿನ ನರಸಿಂಹರಾಜಪುರದ ಕಡೆಗೆ ಸರಿದಂತೆ ಅದು ಇಳಿಯುತ್ತದೆ. ನೀರು ಕುಡಿದ ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣು ಕೂರುವುದಿಲ್ಲ ಎಂದು ಮಲೆನಾಡಿನಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ಬಯಲುಸೀಮೆಯಲ್ಲಿ ಬುಲ್ಡೋಜರ್ ಕೊಡುವ ಉತ್ತರ ಇಲ್ಲಿಗೆ ಹೊಂದುವುದಿಲ್ಲ. ಘಟ್ಟದ ಕೋರ್ಸ್‌ನಲ್ಲಿ ಒಂದೆರಡು ಕುರುಡು ಹೋಲ್ ಇದ್ದರೆ ಅದನ್ನು ರಚನೆಯ ದೋಷವೆನ್ನುವುದಕ್ಕಿಂತ ನೆಲಕ್ಕೆ ತೋರಿದ ಮರ್ಯಾದೆ ಎನ್ನುವುದು ಸರಿ. ದೋಷ ಎನ್ನಬೇಕಾದ್ದು ಮರೆಯ ಆಚೆ ಜಾಗವನ್ನು ಕಿರಿದಾಗಿ ಇಟ್ಟರೆ. ಕಾಣದ ಫೇರ್‌ವೇ ಕಾಣುವುದಕ್ಕಿಂತ ಅಗಲವಿರಬೇಕು. ಮೇಲಿನ ಲೆಕ್ಕದ 30 ಮೀಟರನ್ನು 50 ಮಾಡಿದರೆ ಸಡಿಲು ಎರಡೂ ಬದಿಗೆ 7 ಡಿಗ್ರಿ ಆಗುತ್ತದೆ, ಅರ್ಧದಷ್ಟು ಅನುಮಾನ ಅಲ್ಲೇ ಕರಗುತ್ತದೆ.

ಮರದ ಮರೆ ಕಾಫಿ ಸೀಮೆಯ ಇನ್ನೊಂದು ವಿಶೇಷ. ಇಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ: ಕೆಳಗೆ ಹಾಲುವಾಣ, ಮೇಲೆ ಕಾಡುಮರ, ಸಿಲ್ವರ್ ಓಕ್. ನೆರಳು ಎಷ್ಟಿರಬೇಕು, ಯಾವಾಗ ತೆಗೆಯಬೇಕು ಎಂಬುದೇ ಒಂದು ಶಾಸ್ತ್ರ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇರುವುದು ಈ ಸೀಮೆಯಲ್ಲೇ. ತೋಟದ ಪಕ್ಕ ಅಥವಾ ತೋಟ ತೆರವು ಮಾಡಿ ರೂಪಿಸಿದ ಕೋರ್ಸ್‌ನಲ್ಲಿ ಈ ಎತ್ತರದ ಮರಗಳೇ ಗೋಡೆ. ಕೊಂಬೆ ಸವರಿ ನೆರಳು ತೆಗೆದ ಮಳೆಗಾಲದ ಆರಂಭಕ್ಕೆ ಕಂಡ ಫೇರ್‌ವೇ, ಚಿಗುರು ಬಂದ ಮೇಲೆ ಕಾಣದಾಗಬಹುದು. ಸಿಲ್ವರ್ ಓಕ್ ಉದುರಿಸುವ ಎಲೆಯ ತಳ ಬೆಳ್ಳಗಿರುತ್ತದೆ. ಅದರ ರಾಶಿಯಲ್ಲಿ 43 ಮಿ.ಮೀ. ಅಗಲದ ಬಿಳಿ ಚೆಂಡು ಹುಡುಕುವುದು ತಾಳ್ಮೆಯ ಕೆಲಸ.

ಮಳೆಗಾಲದ ಮಂಜು ಬಂದರೆ ಎಲ್ಲ ಹೋಲೂ ಕುರುಡೇ. ಆಗ ಚೆಂಡು ಹಾರುವುದು ಮಾತ್ರವಲ್ಲ, ಬಿದ್ದ ಮೇಲೆ ಮಾಡುವುದೂ ಬದಲಾಗುತ್ತದೆ. ಒದ್ದೆ ನೆಲದಲ್ಲಿ ಅದು ಉರುಳುವುದಿಲ್ಲ, ಬಿದ್ದಲ್ಲೇ ಹೂತುಕೊಳ್ಳುತ್ತದೆ. ಹಾಗೆ ಹೂತ ಚೆಂಡನ್ನು ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಬಿಡಲು ನಿಯಮ ಅವಕಾಶ ಕೊಡುತ್ತದೆ, ಸಿಕ್ಕರೆ.

ನಿಯಮ ಹೇಳುವುದು

ಗಾಲ್ಫ್ ಆಡಳಿತ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಒಟ್ಟಾಗಿ ಹೊರಡಿಸುವ ನಿಯಮಗಳು 2019ರಲ್ಲಿ ದೊಡ್ಡದಾಗಿ ಪರಿಷ್ಕಾರಗೊಂಡವು. ಮರೆ ಹೋಲ್‌ಗೆ ಹೆಚ್ಚು ತಾಗಿದ್ದು ಹುಡುಕುವ ಅವಧಿ: ಐದು ನಿಮಿಷದಿಂದ ಮೂರಕ್ಕೆ ಇಳಿಯಿತು. ಅಷ್ಟರೊಳಗೆ ಸಿಗದಿದ್ದರೆ ಚೆಂಡು ಕಳೆದಂತೆ. ಒಂದು ಹೊಡೆತದ ದಂಡ ಸೇರಿಸಿಕೊಂಡು ಟೀಗೇ ವಾಪಸ್ ಬಂದು ಮತ್ತೆ ಹೊಡೆಯಬೇಕು, ಅದು ಮೂರನೆಯ ಹೊಡೆತ. ಏರು ಹತ್ತಿ ಇಳಿದು, ಹುಡುಕಿ, ಮತ್ತೆ ಏರು ಹತ್ತಿ ಬರುವ ಈ ಮೆರವಣಿಗೆ ತಪ್ಪಿಸಲು, ಚೆಂಡು ಕಳೆದಿರಬಹುದು ಅನ್ನಿಸಿದ ಕೂಡಲೇ ಹಾಗೆಂದು ಬಾಯಿಬಿಟ್ಟು ಹೇಳಿ ತಾತ್ಕಾಲಿಕ ಚೆಂಡೊಂದನ್ನು ಆಡಿಬಿಡಬಹುದು. ಕುರುಡು ಟೀ ಮೇಲೆ ಇದನ್ನು ರೂಢಿ ಮಾಡಿಕೊಳ್ಳದವರು ಹಿಂದಿನ ತಂಡದ ಶಾಪಕ್ಕೆ ಗುರಿಯಾಗುತ್ತಾರೆ. ಕ್ಲಬ್ ಬಯಸಿದರೆ ಇನ್ನೂ ಒಂದು ಸ್ಥಳೀಯ ನಿಯಮ ತರಬಹುದು: ಎರಡು ಹೊಡೆತದ ದಂಡ ಹಾಕಿಕೊಂಡು, ಚೆಂಡು ಕಳೆದ ಜಾಗದ ಹತ್ತಿರವೇ ಫೇರ್‌ವೇ ಅಂಚಿಗೆ ಇನ್ನೊಂದನ್ನು ಬಿಡುವುದು. ದೊಡ್ಡ ಪಂದ್ಯಗಳಿಗೆ ಇದು ಸಲ್ಲದು, ವಾರಾಂತ್ಯದ ಆಟಕ್ಕೆ ಒಳ್ಳೆಯದು.

ಫೇರ್‌ವೇ ಎಲ್ಲಿದೆ, ಮರಳುಗುಳಿಯಾದ ಬಂಕರ್ ಎಷ್ಟು ದೂರ ಎಂದು ಎದುರಾಳಿಯನ್ನೇ ಕೇಳಿದರೂ ತಪ್ಪಿಲ್ಲ. ಅದು ಎಲ್ಲರಿಗೂ ಸೇರಿದ ಮಾಹಿತಿ. ಯಾವ ಕ್ಲಬ್ ಹಿಡಿಯಲಿ ಎಂದು ಕೇಳಿದರೆ ಮಾತ್ರ ನಿಷಿದ್ಧ ಸಲಹೆ. ದಿಣ್ಣೆಯ ಮೇಲೆ ಒಬ್ಬರನ್ನು ನಿಲ್ಲಿಸಿ ನೇರ ತೋರಿಸಿಕೊಳ್ಳಬಹುದು, ಹೊಡೆಯುವ ಮುಂಚೆ ಅವರು ಅಲ್ಲಿಂದ ಸರಿಯಬೇಕು. ಗುರಿಗೆಂದು ತಾವೇ ಒಂದು ವಸ್ತು ಇಡುವಂತಿಲ್ಲ, ಕ್ಲಬ್ಬಿನವರು ನೆಟ್ಟ ಕಂಬವಿದ್ದರೆ ಅದು ಎಲ್ಲರಿಗೂ. ದೂರ ಅಳೆಯುವ ಸಾಧನಗಳಿಗೆ 2019ರಿಂದ ಸಾಮಾನ್ಯವಾಗಿ ಅನುಮತಿಯಿದೆ. ಉಪಗ್ರಹ ಆಧಾರಿತ ಗಡಿಯಾರ ಗುಡ್ಡದ ಆಚೆಯ ದೂರವನ್ನೂ ಹೇಳುತ್ತದೆ; ಲೇಸರ್ ಸಾಧನಕ್ಕೆ ಗುಡ್ಡವೇ ಗುರಿಯಾಗುವುದರಿಂದ ಇಲ್ಲಿ ಅದು ಕೆಲಸಕ್ಕೆ ಬಾರದು. ಕೋರ್ಸ್ ಎಷ್ಟು ಕಷ್ಟದ್ದೆಂದು ಅಳೆದು ಅಂಕ ಕೊಡುವಾಗ ನೆಲದ ಏರಿಳಿತ, ಮರ, ಮನಸ್ಸಿನ ಮೇಲಾಗುವ ಪರಿಣಾಮ ಎಲ್ಲವನ್ನೂ ಪರಿಗಣಿಸುತ್ತಾರೆ, ಹಾಗಾಗಿ ಆಟಗಾರರ ಮಟ್ಟವನ್ನು ಸರಿದೂಗಿಸುವ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಇಂಥ ಹೋಲ್‌ಗಳಿಗೆ ಒಂದಿಷ್ಟು ನ್ಯಾಯ ಸಿಗುತ್ತದೆ.

ಕ್ಯಾಡಿ

ಕಂಬ, ಗಂಟೆ, ಗಡಿಯಾರ ಎಲ್ಲಕ್ಕಿಂತ ಹೆಚ್ಚಾಗಿ ಭಾರತದಲ್ಲಿ ಮರೆ ಫೇರ್‌ವೇಯನ್ನು ಆಡಿಸಿದವರು ಆಟಗಾರರ ಚೀಲ ಹೊರುವ ಕ್ಯಾಡಿಗಳು. ಕಲ್ಕತ್ತೆಯಂಥ ಹಳೆಯ ಕ್ಲಬ್ಬುಗಳಲ್ಲಿ ಚೀಲ ಹೊರುವವರಲ್ಲದೆ, ಮುಂದೆ ಹೋಗಿ ನಿಂತು ಚೆಂಡು ಬೀಳುವುದನ್ನು ಗುರುತಿಸುವ ‘ಆಗೇವಾಲಾ’ಗಳೂ ಇದ್ದರು. ಮರೆಯ ಮೂರನೆಯ ಕಷ್ಟಕ್ಕೆ ನೇರ ಔಷಧ ಇದೇ: ಹೊಡೆದವರ ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರ ಕಣ್ಣು ಕಾಣುವುದು. ಯಾವ ಮರದ ನೇರಕ್ಕೆ ಹೊಡೆಯಬೇಕು, ಮಳೆ ಬಂದ ಮರುದಿನ ಎಲ್ಲಿ ಚೆಂಡು ಹೂಳುತ್ತದೆ, ಏರಿನ ಆಚೆ ನೆಲ ಯಾವ ಕಡೆಗೆ ವಾಲಿದೆ, ಇದು ಪುಸ್ತಕದಲ್ಲಿ ಇರುವ ವಿದ್ಯೆಯಲ್ಲ. ಬಹುಪಾಲು ಕೋರ್ಸ್ ಪಕ್ಕದ ಹಳ್ಳಿ, ಕಾಲೊನಿಗಳಿಂದ ಬಂದ ಹುಡುಗರು ದಿನವೂ ನಡೆದು ಕಲಿತದ್ದು.

ಆ ತಿಳಿವಳಿಕೆಗೆ ಸಿಗುವ ಕೂಲಿ ದೊಡ್ಡದಲ್ಲ, ಆದರೆ ಅದರಿಂದ ಆಟಗಾರರೂ ಹುಟ್ಟಿದ್ದಾರೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಗಾಲ್ಫ್ ಕಂಡ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್‌ಟನ್ ಕೋರ್ಸ್ ಪಕ್ಕದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಅಲ್ಲೇ ಆಟ ಕಲಿತು ವೃತ್ತಿಪರರಾದರು. ಬೇರೆ ದಾರಿಯಿಂದ ಬಂದ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ ಚೀಲ ಹೊತ್ತಿದ್ದವರು ಅವರ ತಾಯಿ.

ಗಾಲಿಬಂಡಿ, ವಿದ್ಯುತ್ ಗಾಡಿಗಳು ಬಂದ ಮೇಲೆ ಕ್ಯಾಡಿ ಇಲ್ಲದೆ ಆಡುವವರು ಹೆಚ್ಚುತ್ತಿದ್ದಾರೆ. ಅಂಥ ಕಡೆ ಕ್ಲಬ್ಬುಗಳ ಪಾಲಿಗೆ ಉಳಿಯುವುದು ಗುರುತಿನ ಕಂಬ, ಅಗಲವಾದ ಫೇರ್‌ವೇ ಮತ್ತು ಟೀಯನ್ನೇ ಸರಿಸುವ ಉಪಾಯ. ಮರ ಕಡಿಯುವುದು ಸುಲಭದ ದಾರಿಯಲ್ಲ. ಅದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಹಲವು ಜಾತಿಯ ಮರಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಟೀಯನ್ನು ಹತ್ತು ಮೀಟರ್ ಪಕ್ಕಕ್ಕೆ ಒಯ್ದು ಎರಡಡಿ ಮಣ್ಣು ಏರಿಸಿದರೆ ಬಹಳ ಸಲ ನೆತ್ತಿಯ ಆಚೆಯ ಹಸಿರು ಒಂದು ಗೆರೆಯಷ್ಟಾದರೂ ಕಾಣುತ್ತದೆ, ಖರ್ಚೂ ಕಡಿಮೆ.